ಗವರ್ನರ್ ಹೆಸರಿಸಿ ಆರು ತಿಂಗಳಾಯಿತು, ಸೆನೆಟ್ ಸುಮ್ಮನಿದೆ. ಅಕ್ಕ ಜಡ್ಜ್ ಆಗ್ತಾರಾ?

ಪ್ರಶ್ನೆ: ನಾವು ಮೈಸೂರಿನವರು. ನಾನು, ಅಕ್ಕ ಇಬ್ಬರೂ ನ್ಯೂಜೆರ್ಸಿಯಲ್ಲಿದ್ದೇವೆ. ಅಕ್ಕ ಇಲ್ಲೇ ಲಾ ಓದಿ 18 ವರ್ಷದಿಂದ ವಕೀಲಿ ಮಾಡುತ್ತಿದ್ದಾರೆ, ಸ್ವಂತದ್ದೊಂದು ಚಿಕ್ಕ ಆಫೀಸ್ ಇದೆ. ಏಪ್ರಿಲ್‌ನಲ್ಲಿ ಗವರ್ನರ್ ಅವರನ್ನು ಸುಪೀರಿಯರ್ ಕೋರ್ಟ್ (ಕೇಸ್‌ಗಳ ಟ್ರಯಲ್ ನಡೆಸುವ ರಾಜ್ಯದ ಕೋರ್ಟ್) ಜಡ್ಜ್ ಹುದ್ದೆಗೆ ಹೆಸರಿಸಿದರು. ವಿಷಯ ಗೊತ್ತಾದ ದಿನವೇ ಅಮ್ಮ ಊರಲ್ಲಿ ಇಡೀ ಬೀದಿಗೆ ಮೈಸೂರ್ ಪಾಕ್ ಹಂಚಿಬಿಟ್ಟರು. ಅದಾಗಿ ಆರು ತಿಂಗಳು. ಸೆನೆಟ್‌ನಿಂದ (ಇಲ್ಲಿನ ಶಾಸನಸಭೆಯ ಮೇಲ್ಮನೆ) ಹಿಯರಿಂಗ್ ದಿನಾಂಕವೂ ಬಂದಿಲ್ಲ, ಬೇಡ ಅಂತಲೂ ಹೇಳಿಲ್ಲ. ಅಕ್ಕ ಆಗಿನಿಂದ ಹೊಸ ಕೇಸ್ ತಗೊಳ್ಳುತ್ತಿಲ್ಲ, ಆಫೀಸ್ ಬಾಡಿಗೆ ಮಾತ್ರ ತಪ್ಪದೆ ಹೋಗುತ್ತಿದೆ. ಒಬ್ಬರು ಇದು ಬರೀ ಔಪಚಾರಿಕ, ಆಗೇ ಆಗುತ್ತೆ ಅಂತಾರೆ. ಇನ್ನೊಬ್ಬರು ರಿಜೆಕ್ಟ್ ಆದ ಹಾಗೇ ಅಂತಾರೆ. ನಮ್ಮ ಹೆಸರು ನೋಡಿಯೇ ಪಕ್ಕಕ್ಕಿಟ್ಟಿದ್ದಾರೆ ಅನ್ನುವವರೂ ಇದ್ದಾರೆ. ಕನ್ನಡ ಕೂಟದ ಗೆಳೆಯರು ಸಹಿ ಸಂಗ್ರಹ ಮಾಡಿ ಸೆನೆಟರ್‌ಗೆ ಕೊಡೋಣ ಅಂತಿದ್ದಾರೆ. ಮತ್ತೊಬ್ಬರು ಸೆನೆಟರ್ ಫಂಡ್‌ರೈಸರ್‌ಗೆ ಹೋಗಿ ಒಂದು ಚೆಕ್ ಬರೆಯಿರಿ, ದಾರಿ ಸಲೀಸಾಗುತ್ತೆ ಅಂದರು. ಕೋರ್ಟಿಗೆ ಹೋಗಬಹುದಾ? ಅಥವಾ ಅಕ್ಕ ಹೆಸರು ವಾಪಸ್ ತಗೊಳ್ಳೋದೇ ವಾಸಿನಾ?

(ಹೆಸರು ಬೇಡ, ಸಾಮರ್‌ಸೆಟ್ ಕೌಂಟಿ)

ಉತ್ತರ: ಮೊದಲು ಆ ಚೆಕ್ ವಿಷಯ. ಉಳಿದದ್ದೆಲ್ಲ ಸ್ವಲ್ಪ ಕಾಯಬಹುದು, ಇದು ಕಾಯುವುದಿಲ್ಲ. ಬರೆಯಬೇಡಿ. ನೀವೂ ಬೇಡ, ಅಕ್ಕನೂ ಬೇಡ, ಭಾವನ ಹೆಸರಲ್ಲೂ ಬೇಡ. ಸೆನೆಟರ್ ಮೇಜಿನ ಮೇಲೆ ಅಕ್ಕನ ಫೈಲ್ ಇರುವಾಗ ಮನೆಯವರ ಚೆಕ್ ಹೋದರೆ ಅದಕ್ಕೆ ದೇಣಿಗೆ ಅಂತ ಯಾರೂ ಹೆಸರಿಡುವುದಿಲ್ಲ. ದೇಣಿಗೆಗಳ ಪಟ್ಟಿ ಇಲ್ಲಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ತೆಗೆದು ನೋಡಬಹುದು. ಒಳ್ಳೆಯ ಉದ್ದೇಶದಿಂದಲೇ ಕೊಟ್ಟಿದ್ದರೂ ಅಕ್ಕನ ಹೆಸರು ಅಲ್ಲಿಗೆ ಮುಗಿಯಿತು. ಕೆಟ್ಟ ಉದ್ದೇಶ ಅಂತ ಯಾರಾದರೂ ತೋರಿಸಿಕೊಟ್ಟರೆ ಲಂಚದ ಕೇಸ್. ಈ ಸಲಹೆ ಕೊಟ್ಟ ಸ್ನೇಹಿತರು ಕೆಟ್ಟವರಲ್ಲ ಅಂತ ನನಗೆ ಗೊತ್ತು. ಊರಲ್ಲಿ ಫೈಲ್ ಮುಂದೆ ಹೋಗುವುದು ಹೇಗೆ ಅಂತ ನೋಡಿ ಬೆಳೆದವರು ನಾವೆಲ್ಲ. ಇಲ್ಲಿ ಆ ಬುದ್ಧಿ ಬೇಡ, ಅಷ್ಟೇ.

ಇನ್ನು ನಿಮ್ಮ ನಿಜವಾದ ಆತಂಕ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಈ ಮೌನಕ್ಕೆ ಏನರ್ಥ? ನಾನು 20 ವರ್ಷದ ಮೇಲಾಯಿತು ಈ ರಾಜ್ಯದಲ್ಲಿ ವಕೀಲಿ ಮಾಡುತ್ತಾ. ಜಡ್ಜ್ ಹುದ್ದೆಗೆ ಬಂದ ಹೆಸರುಗಳನ್ನು ತೂಗಿ ನೋಡುವ ಬಾರ್ (ವಕೀಲರ ಸಂಘ) ಕಮಿಟಿಯೊಂದರಲ್ಲಿ ಕೆಲವು ವರ್ಷ ಕೂತಿದ್ದೆ. ಅಲ್ಲಿ ಕಂಡದ್ದು ಇದು: ಇಲ್ಲಿ ಜಡ್ಜ್ ಹೆಸರುಗಳು ಮತಕ್ಕೆ ಬಂದು ಸೋಲುವುದು ತೀರಾ ಅಪರೂಪ. ನಿಂತು ಹೋಗುವ ಹೆಸರುಗಳು ಮೌನದಲ್ಲೇ ನಿಲ್ಲುತ್ತವೆ. ಹಾಗಾಗಿ "ಔಪಚಾರಿಕ" ಅಂದವರೂ ತಪ್ಪು, "ರಿಜೆಕ್ಟ್" ಅಂದವರೂ ತಪ್ಪು.

ಹೆಸರಿಸುವುದಕ್ಕೂ ನೇಮಿಸುವುದಕ್ಕೂ ಇರುವ ಅಂತರ ನಮ್ಮವರಿಗೆ ಬೇಗ ಹೊಳೆಯುವುದಿಲ್ಲ. ಕಾರಣ ಇದೆ. ಬೆಂಗಳೂರಲ್ಲಿ ವಿಧಾನಸೌಧದ ಎದುರಿಗೇ ಕೆಂಪು ಬಣ್ಣದ ಹೈಕೋರ್ಟ್ ಇದೆ. ರಸ್ತೆ ದಾಟಿದರೆ ಸಾಕು. ಆದರೂ ಒಬ್ಬ ಜಡ್ಜ್ ನೇಮಕದಲ್ಲೂ ವಿಧಾನಸಭೆಯ ಮಾತು ನಡೆಯುವುದಿಲ್ಲ. ಹೈಕೋರ್ಟ್‌ಗೆ ಹಿರಿಯ ಜಡ್ಜ್‌ಗಳ ಕೊಲೀಜಿಯಂ ಹೆಸರು ಕಳಿಸುತ್ತದೆ, ಕೇಂದ್ರ ಸರ್ಕಾರದ ಮೂಲಕ ರಾಷ್ಟ್ರಪತಿಗಳು ನೇಮಿಸುತ್ತಾರೆ. ಜಡ್ಜ್‌ಗಳು ಕರ್ತವ್ಯದಲ್ಲಿ ಹೇಗೆ ನಡೆದುಕೊಂಡರು ಅಂತ ರಾಜ್ಯದ ಶಾಸನಸಭೆ ಚರ್ಚೆ ಮಾಡುವುದನ್ನೂ ಸಂವಿಧಾನದ 211ನೇ ವಿಧಿ ತಡೆಯುತ್ತದೆ. ಇಲ್ಲಿ ಅದಕ್ಕೆ ತದ್ವಿರುದ್ಧ. ನ್ಯೂಜೆರ್ಸಿಯ 1947ರ ಸಂವಿಧಾನದ ಪ್ರಕಾರ ಗವರ್ನರ್ ಹೆಸರಿಸಬೇಕು, ರಾಜ್ಯದ ಸೆನೆಟ್ ಒಪ್ಪಬೇಕು. ಎರಡೂ ಆದರೇ ನೇಮಕ. ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ, ಓಟಲ್ಲಿ ಗೆದ್ದು ಬಂದವರು, ಹೆಚ್ಚು ಕಡಿಮೆ ಮುಖ್ಯಮಂತ್ರಿ ಅಂದುಕೊಳ್ಳಿ. ಸೆನೆಟ್‌ನಲ್ಲಿ 40 ಜನ. 21 ಓಟು ಬೇಕು.

ಅಕ್ಕನ ಹೆಸರು ಇಲ್ಲಿಯವರೆಗೆ ಏನೇನು ದಾಟಿ ಬಂದಿದೆ ಅಂತ ಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಈ ರಾಜ್ಯದಲ್ಲಿ ಕನಿಷ್ಠ 10 ವರ್ಷ ವಕೀಲಿ ಪರವಾನಗಿ ಇದ್ದರಷ್ಟೇ ಜಡ್ಜ್ ಆಗಬಹುದು. ಉದ್ದುದ್ದ ಪ್ರಶ್ನಾವಳಿ ತುಂಬಬೇಕು. ಸ್ಟೇಟ್ ಪೊಲೀಸರು ಹಿನ್ನೆಲೆ ವಿಚಾರಿಸುತ್ತಾರೆ. ಆಮೇಲೆ ರಾಜ್ಯದ ಬಾರ್ ಅಸೋಸಿಯೇಷನ್‌ನ ಕಮಿಟಿ ಗುಟ್ಟಾಗಿ ಪರಿಶೀಲನೆ ಮಾಡುತ್ತದೆ. 1969ರಲ್ಲಿ ಗವರ್ನರ್ ರಿಚರ್ಡ್ ಹ್ಯೂಸ್ ಬಾರ್ ಜೊತೆ ಮಾಡಿಕೊಂಡ ಒಪ್ಪಂದ ಅದು, ಈಗಲೂ ಹ್ಯೂಸ್ ಕಾಂಪ್ಯಾಕ್ಟ್ ಅಂತಲೇ ಕರೆಯುತ್ತಾರೆ. (ಆ ಹ್ಯೂಸ್ ಆಮೇಲೆ ಇದೇ ರಾಜ್ಯದ ಚೀಫ್ ಜಸ್ಟಿಸ್ ಆದರು.) ಕಮಿಟಿಯವರು ಎದುರು ಪಕ್ಷದ ವಕೀಲರಿಗೆ ಫೋನ್ ಮಾಡುತ್ತಾರೆ. ಸೋತ ಕೇಸಿನಲ್ಲಿ ಹೇಗೆ ನಡೆದುಕೊಂಡರು, ಕೋರ್ಟ್ ಗುಮಾಸ್ತರ ಜೊತೆ ಹೇಗೆ ಮಾತಾಡುತ್ತಾರೆ, ಇಂಥದ್ದನ್ನೇ ಕೇಳುವುದು. ನಾನು ಕೂತಿದ್ದಾಗ ಕಾನೂನು ಜ್ಞಾನಕ್ಕಿಂತ ಜಾಸ್ತಿ ಚರ್ಚೆ ಆಗುತ್ತಿದ್ದದ್ದು ಸಿಟ್ಟಿನ ಬಗ್ಗೆ. ಬೇಗ ಸಿಟ್ಟು ಬರುವವರು ಅಂತ ಮೂರು ಜನ ಹೇಳಿದರೆ ಕಥೆ ಮುಗಿಯಿತು. ಅಕ್ಕ ಇದನ್ನೆಲ್ಲ ದಾಟಿದ್ದಾರೆ ಅನ್ನುವುದು ಸಣ್ಣ ಮಾತಲ್ಲ.

ಇದಾದ ಮೇಲೆ ಗವರ್ನರ್ ಏಳು ದಿನದ ಸಾರ್ವಜನಿಕ ನೋಟಿಸ್ ಕೊಡಬೇಕು, ಅದು ಮುಗಿದ ಮೇಲೆಯೇ ಹೆಸರು ಸೆನೆಟ್‌ಗೆ ಹೋಗುವುದು. ಏಪ್ರಿಲ್‌ನಲ್ಲಿ ನಿಮ್ಮ ಮನೆಗೆ ತಲುಪಿದ ಸುದ್ದಿ ಬಹುಶಃ ಈ ನೋಟಿಸ್‌ನದು. ಅಮ್ಮ ಮೈಸೂರ್ ಪಾಕ್ ಹಂಚಿದ್ದು ನೋಟಿಸ್‌ಗೆ! ಇರಲಿ ಬಿಡಿ, ತಿಂದವರು ಯಾರೂ ವಾಪಸ್ ಕೇಳುವುದಿಲ್ಲ.

ಸೆನೆಟ್‌ಗೆ ಹೋದ ಹೆಸರು ಮೊದಲು ಅಲ್ಲಿನ ಜುಡಿಷಿಯರಿ ಕಮಿಟಿ ಮುಂದೆ ಬರಬೇಕು. ಅಕ್ಕನ ಹೆಸರು ನಿಂತಿರುವುದು ಈ ಎರಡರ ನಡುವೆ. ಇಲ್ಲಿರುವ ಬೀಗದ ಹೆಸರು ಸೆನೆಟೋರಿಯಲ್ ಕರ್ಟೆಸಿ.

ಇದು ಸಂವಿಧಾನದಲ್ಲಿಲ್ಲ, ಯಾವ ಕಾಯ್ದೆಯಲ್ಲೂ ಇಲ್ಲ. ಪದ್ಧತಿ, ಅಷ್ಟೇ. ನಿಮ್ಮ ಅಕ್ಕ ವಾಸವಿರುವ ಕೌಂಟಿಯನ್ನು (ನಮ್ಮೂರಿನ ಜಿಲ್ಲೆಯ ಥರ) ಪ್ರತಿನಿಧಿಸುವ ಸೆನೆಟರ್‌ಗಳು ಎಲ್ಲರೂ ಸರಿ ಅನ್ನಬೇಕು. ಒಬ್ಬರು ಸುಮ್ಮನಿದ್ದರೂ ಕಮಿಟಿ ಹೆಸರನ್ನು ಎತ್ತಿಕೊಳ್ಳುವುದಿಲ್ಲ. ಕಾರಣ ಹೇಳಬೇಕಾಗಿಲ್ಲ. ಗವರ್ನರ್ ಪಕ್ಷದವರೇ ಆಗಿರಬೇಕೆಂದೂ ಇಲ್ಲ. ಸಾಮರ್‌ಸೆಟ್ ಥರದ ಕೌಂಟಿಯ ಕಷ್ಟ ಏನಂದರೆ ಅದು ಒಂದೇ ಸೆನೆಟ್ ಕ್ಷೇತ್ರದಲ್ಲಿಲ್ಲ, ಹಲವು ಕ್ಷೇತ್ರಗಳಿಗೆ ಹಂಚಿಹೋಗಿದೆ. ಅಂದರೆ ನೀವು ಓಟು ಹಾಕುವ ಒಬ್ಬ ಸೆನೆಟರ್ ಒಪ್ಪಿದರೆ ಸಾಲದು, ಕೌಂಟಿಯ ಇನ್ನೊಂದು ಮೂಲೆಯನ್ನು ಪ್ರತಿನಿಧಿಸುವವರೂ ಒಪ್ಪಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗಳು ನಾಲ್ಕೈದು ಮಂದಿ.

ಅವರು ಯಾಕೆ ತಡೆಯುತ್ತಾರೆ? ಜನ ಅಂದುಕೊಳ್ಳುವ ಹಾಗೆ ಅಭ್ಯರ್ಥಿ ಇಷ್ಟವಿಲ್ಲ ಅನ್ನುವುದು ಕಾರಣ ಆಗಿರುವುದು ಕಡಿಮೆ. ಬಹಳ ಸಲ ಅಭ್ಯರ್ಥಿಗೂ ತಡೆಗೂ ಸಂಬಂಧವೇ ಇರುವುದಿಲ್ಲ. ಸೆನೆಟರ್‌ಗೆ ಬೇರೊಬ್ಬರನ್ನು ಜಡ್ಜ್ ಮಾಡಿಸಬೇಕಿರುತ್ತದೆ, ಗವರ್ನರ್ ಆ ಹೆಸರು ಕಳಿಸಿರುವುದಿಲ್ಲ. ಅಥವಾ ಕ್ಷೇತ್ರದ ಯಾವುದೋ ಅನುದಾನ ನಿಂತಿರುತ್ತದೆ. ಅಥವಾ ಎರಡು ಪಕ್ಷಗಳ ನಡುವೆ ನಿಮ್ಮದೊಂದು ನಮ್ಮದೊಂದು ಅನ್ನುವ ಲೆಕ್ಕ ಸರಿಹೋಗಿರುವುದಿಲ್ಲ. ಅಕ್ಕ ಆ ಚದುರಂಗದಲ್ಲಿ ಒಂದು ಕಾಯಿ. ಕೇಳಲು ಬೇಜಾರು, ಆದರೆ ಒಂದು ರೀತಿಯಲ್ಲಿ ಸಮಾಧಾನವೂ ಹೌದು. ಇದು ಅವರ ಯೋಗ್ಯತೆಯ ಮೇಲಿನ ತೀರ್ಪಲ್ಲ.

ದೊಡ್ಡ ಹುದ್ದೆಯಲ್ಲೇ ಇದು ನಡೆದಿದೆ. ರೇಚಲ್ ವೈನರ್ ಆಪ್ಟರ್ ಅವರನ್ನು ಆಗಿನ ಗವರ್ನರ್, ಡೆಮಾಕ್ರಟಿಕ್ ಪಕ್ಷದ ಫಿಲ್ ಮರ್ಫಿ 2021ರ ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ಗೆ ಹೆಸರಿಸಿದರು. ಬರ್ಗನ್ ಕೌಂಟಿಯ ಒಬ್ಬ ರಿಪಬ್ಲಿಕನ್ ಸೆನೆಟರ್ ಕರ್ಟೆಸಿ ಹೆಸರಲ್ಲಿ ತಡೆದರು. ಅಧಿವೇಶನವೇ ಮುಗಿದು 2022ರ ಜನವರಿಯಲ್ಲಿ ಗವರ್ನರ್ ಮತ್ತೆ ಅದೇ ಹೆಸರು ಕಳಿಸಬೇಕಾಯಿತು. ಕೊನೆಗೆ ರಿಪಬ್ಲಿಕನ್ ಆದ ಡಗ್ಲಸ್ ಫಸಾಲಿ ಅವರ ಹೆಸರನ್ನೂ ಗವರ್ನರ್ ಜೊತೆಗಿಟ್ಟರು. ಅಕ್ಟೋಬರ್‌ನಲ್ಲಿ ಇಬ್ಬರೂ ಒಟ್ಟಿಗೆ ಪಾಸಾದರು. ಹೆಸರಿಸಿದ ದಿನದಿಂದ ಲೆಕ್ಕ ಹಾಕಿ, 19 ತಿಂಗಳು. ಆ ಹೊತ್ತಿಗೆ ಏಳು ಜನರ ಸುಪ್ರೀಂ ಕೋರ್ಟ್‌ನಲ್ಲಿ ಮೂರು ಕುರ್ಚಿ ಖಾಲಿ ಇದ್ದವು. ಅದರ ಮುಂದೆ ನಿಮ್ಮ ಆರು ತಿಂಗಳು ದೊಡ್ಡದಲ್ಲ.

ಈ ತಡೆಗಳ ಬೆಲೆ ಯಾರು ಕಟ್ಟುತ್ತಾರೆ ಅಂತ ಕೇಳಿದರೆ, ನಿಮ್ಮ ಕೌಂಟಿಯವರೇ ಕಟ್ಟಿದ್ದಾರೆ. 2023ರ ಫೆಬ್ರುವರಿಯಲ್ಲಿ ಚೀಫ್ ಜಸ್ಟಿಸ್ ಸ್ಟುವರ್ಟ್ ರಾಬ್ನರ್ ಸಾಮರ್‌ಸೆಟ್, ಹಂಟರ್ಡನ್, ವಾರೆನ್ ಕೌಂಟಿಗಳಲ್ಲಿ, ದಕ್ಷಿಣದ ಇನ್ನೂ ಮೂರು ಕೌಂಟಿಗಳಲ್ಲಿ ಸಿವಿಲ್ ಮತ್ತು ವಿಚ್ಛೇದನದ ಟ್ರಯಲ್‌ಗಳನ್ನೇ ನಿಲ್ಲಿಸಿಬಿಟ್ಟರು. ಜಡ್ಜ್‌ಗಳೇ ಇಲ್ಲ. ಆಗ ರಾಜ್ಯದಲ್ಲಿ 69 ಸ್ಥಾನ ಖಾಲಿ ಇದ್ದವು. 25ರಿಂದ 30 ಆದರೆ ಹೇಗೋ ನಡೆಸಬಹುದು ಅನ್ನುವುದು ಅವರ ಲೆಕ್ಕ. ಆ ದಿನಗಳಲ್ಲಿ ನನ್ನ ಒಬ್ಬ ಕಕ್ಷಿದಾರರ ವಿಚ್ಛೇದನ ಅಲ್ಲಿ ಸಿಕ್ಕಿಕೊಂಡಿತ್ತು. ಒಂದೇ ಮನೆ. ಗಂಡ ಬೇಸ್‌ಮೆಂಟ್‌ನಲ್ಲಿ, ಹೆಂಡತಿ ಮಹಡಿಯಲ್ಲಿ. ಫ್ರಿಜ್‌ನಲ್ಲಿ ಇವರ ಡಬ್ಬಿ ಅವರ ಡಬ್ಬಿ ಅಂತ ಹೆಸರು ಬರೆದ ಸ್ಟಿಕ್ಕರ್. ಮೊಸರಿನ ಡಬ್ಬಿಗೂ ಸ್ಟಿಕ್ಕರ್. ಮುಂದಿನ ದಿನಾಂಕ ಯಾವಾಗ ಅಂತ ಆಕೆ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದರು, ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಹೆಸರು ನೋಡಿ ಪಕ್ಕಕ್ಕಿಟ್ಟಿದ್ದಾರೆ ಅನ್ನುವ ಮಾತಿಗೆ ಬರುತ್ತೇನೆ. ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. 2011ರಲ್ಲಿ ಸೊಹೇಲ್ ಮೊಹಮ್ಮದ್ ಅನ್ನುವ, ಭಾರತದಲ್ಲಿ ಹುಟ್ಟಿದ ವಕೀಲರನ್ನು ಗವರ್ನರ್ ಕ್ರಿಸ್ ಕ್ರಿಸ್ಟಿ ಸುಪೀರಿಯರ್ ಕೋರ್ಟ್‌ಗೆ ಹೆಸರಿಸಿದರು. ಸಾಮಾನ್ಯವಾಗಿ ಈ ಹುದ್ದೆಯ ಹಿಯರಿಂಗ್ ಕೆಲವೇ ನಿಮಿಷದ್ದು. ಅವರನ್ನು ಮಾತ್ರ ಬಹಳ ಹೊತ್ತು ಕೂರಿಸಿ ಶರಿಯಾ, ಜಿಹಾದ್ ಅಂತೆಲ್ಲ ಕೇಳಿದರು. ಒಬ್ಬ ಟ್ರಯಲ್ ಜಡ್ಜ್‌ಗೆ ಕೇಳುವ ಪ್ರಶ್ನೆಗಳೇ ಅವು? ಆದರೂ ಅವರು ಪಾಸಾದರು. ಆಮೇಲೂ ಗದ್ದಲ ಎಬ್ಬಿಸಿದವರ ಮೇಲೆ ಕ್ರಿಸ್ಟಿ ಪತ್ರಕರ್ತರ ಮುಂದೆಯೇ ಸಿಟ್ಟಾದರು. ಅಂದರೆ ಪೂರ್ವಗ್ರಹ ಇದ್ದರೆ ಅದು ಮೈಕ್ ಮುಂದೆ ಬಾಯಿಬಿಡುತ್ತದೆ. ಕರ್ಟೆಸಿಯ ಮೌನದಲ್ಲಿ ಮಾತ್ರ ಕಾರಣ ಯಾವುದು ಅಂತ ಹೊರಗಿನವರು ಹೇಳುವ ಹಾಗಿಲ್ಲ. ಪುರಾವೆ ಇಲ್ಲದೆ ಜನಾಂಗದ ಮಾತು ಎತ್ತಿದರೆ, ಇನ್ನೂ ಮನಸ್ಸು ಮಾಡದ ಸೆನೆಟರ್ ಕೂಡ ಬಾಗಿಲು ಹಾಕಿಕೊಳ್ಳುತ್ತಾರೆ.

ನಮ್ಮಂಥ ಕುಟುಂಬಗಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿದೆ. 2012ರಲ್ಲಿ ಕೊರಿಯಾ ಮೂಲದ ಫಿಲಿಪ್ ಕ್ವಾನ್ ಅವರ ಹೆಸರು ರಾಜ್ಯದ ಸುಪ್ರೀಂ ಕೋರ್ಟ್‌ಗೆ ಬಂತು. ಕಮಿಟಿಯಲ್ಲಿ 7-6ರಲ್ಲಿ ಬಿದ್ದುಹೋಯಿತು. ಪಕ್ಷಗಳ ಸಮತೋಲನದ ಜಗಳ ಮುಖ್ಯ ಕಾರಣ ಹೌದು. ಜೊತೆಗೆ ಅವರ ಮನೆಯವರು ನಡೆಸುತ್ತಿದ್ದ ಮದ್ಯದಂಗಡಿಯ ಬ್ಯಾಂಕ್ ಜಮೆಗಳು ಗಂಟೆಗಟ್ಟಲೆ ಚರ್ಚೆಯಾದವು. ಬ್ಯಾಂಕ್ ಸರ್ಕಾರಕ್ಕೆ ವರದಿ ಮಾಡಬೇಕಾದ ಮಿತಿ 10,000 ಡಾಲರ್, ಅದಕ್ಕಿಂತ ಸ್ವಲ್ಪ ಕಡಿಮೆ ನಗದು ಮತ್ತೆ ಮತ್ತೆ ಕಟ್ಟಿದ್ದರು ಅನ್ನುವ ವಿಷಯ. ಅಭ್ಯರ್ಥಿ ಮೇಲೆ ಯಾವ ಆರೋಪವೂ ಇರಲಿಲ್ಲ. ಆದರೂ ಉತ್ತರ ಹೇಳಬೇಕಾದವರು ಅವರೇ ಆದರು. ಮನೆಯಲ್ಲಿ ಇಂಥದ್ದೇನಾದರೂ ಇದೆಯಾ ಅಂತ ಈಗಲೇ ಯೋಚಿಸಿ. ಭಾವನ ಬಿಸಿನೆಸ್ ತೆರಿಗೆ, ಊರಿನ ಸೈಟ್‌ನಲ್ಲಿ ಅಕ್ಕನ ಹೆಸರು, ಭಾರತದ ಬ್ಯಾಂಕ್ ಖಾತೆ ಇಲ್ಲಿನ ಲೆಕ್ಕದಲ್ಲಿ ತೋರಿಸಿದ್ದೀರಾ ಇಲ್ಲವಾ. ಕೊನೆಯದು ನಮ್ಮವರಲ್ಲಿ ಎಷ್ಟು ಜನಕ್ಕೆ ಮರೆತುಹೋಗಿರುತ್ತದೆ ಅಂದರೆ, ನಾನು ಯಾರನ್ನೇ ಸಿಕ್ಕಿದರೂ ಮೊದಲು ಅದನ್ನೇ ಕೇಳುತ್ತೇನೆ. ಏನಾದರೂ ಇದ್ದರೆ ಅಕ್ಕ ತಾವಾಗಿಯೇ ಗವರ್ನರ್ ಆಫೀಸಿನ ವಕೀಲರಿಗೆ ತಿಳಿಸಲಿ. ತಾವೇ ಹೇಳಿದ ತಪ್ಪು ಸಣ್ಣದಾಗುತ್ತದೆ. ಬೇರೆಯವರು ಅಗೆದು ತೆಗೆದರೆ ಅದೇ ತಪ್ಪು ಬೆಟ್ಟ.

ಕೋರ್ಟಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ ನೋಡಿದ್ದೂ ಆಗಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದರೆ ಸಹಿ ಸಂಗ್ರಹದ ಪ್ರಶ್ನೆಗೂ ಉತ್ತರ ಇದರಲ್ಲಿದೆ.

1993, ಮಾರಿಸ್ ಕೌಂಟಿ. ಮೇರಿಯಾನ್ ಎಸ್ಪಿನೋಸಾ ಮರ್ಫಿ ಅಲ್ಲಿನ ಸುಪೀರಿಯರ್ ಕೋರ್ಟ್ ಜಡ್ಜ್. ಇಲ್ಲಿ ಮೊದಲ ಅವಧಿ ಏಳು ವರ್ಷ. ಆಮೇಲೆ ಗವರ್ನರ್ ಮತ್ತೆ ಹೆಸರಿಸಿ ಸೆನೆಟ್ ಮತ್ತೆ ಒಪ್ಪಿದರೆ 70 ವರ್ಷ ವಯಸ್ಸಿನವರೆಗೆ ಕುರ್ಚಿ ಭದ್ರ. ಅವರ ಏಳು ವರ್ಷ ಮುಗಿಯಿತು, ಗವರ್ನರ್ ಜಿಮ್ ಫ್ಲೋರಿಯೊ ಮತ್ತೆ ಹೆಸರಿಸಿದರು. ಅದೇ ಕೌಂಟಿಯ ಸೆನೆಟರ್ ಜಾನ್ ಡಾರ್ಸಿ ಕರ್ಟೆಸಿ ಹೆಸರಲ್ಲಿ ತಡೆದರು. ಡಾರ್ಸಿ ಸೆನೆಟ್‌ನ ಬಹುಮತ ಪಕ್ಷದ ನಾಯಕರೂ ಆಗಿದ್ದರು. ರಾಜ್ಯ ಸರ್ಕಾರವೇ ಕೋರ್ಟ್ ಮೆಟ್ಟಿಲು ಹತ್ತಿತು. ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್‌ಗಳು ಸರಿಸಮವಾಗಿ ಇಬ್ಭಾಗವಾದರು, ಕರ್ಟೆಸಿ ಉಳಿಯಿತು. ಆ ಜಡ್ಜ್ ಕುರ್ಚಿ ಬಿಡಬೇಕಾಯಿತು.

ಊರು ಸುಮ್ಮನಿರಲಿಲ್ಲ. ದೊಡ್ಡ ಗದ್ದಲವಾಯಿತು. ಅದೇ ನವೆಂಬರ್‌ನ ಚುನಾವಣೆಯಲ್ಲಿ, ತನ್ನದೇ ಕೋಟೆ ಅಂದುಕೊಂಡಿದ್ದ ಕ್ಷೇತ್ರದಲ್ಲಿ ಡಾರ್ಸಿ ತೀರಾ ಕಡಿಮೆ ಅಂತರದಲ್ಲಿ ಸೋತರು. ಜನರ ಸಿಟ್ಟು ಸೆನೆಟರ್ ಕುರ್ಚಿ ಕಿತ್ತಿತು. ಜಡ್ಜ್ ಕುರ್ಚಿಯನ್ನು ವಾಪಸ್ ಕೊಡಲು ಅದರಿಂದ ಆಗಲಿಲ್ಲ. ಆಕೆ ಮತ್ತೆ ಜಡ್ಜ್ ಆದರು, ಮೇಲ್ಮನವಿ ಪೀಠದಲ್ಲೂ ಕೂತರು, ಆದರೆ ಎಷ್ಟೋ ವರ್ಷಗಳ ಮೇಲೆ.

ಈಗ ನಿಮ್ಮ ಸಹಿ ಸಂಗ್ರಹ ಯೋಚಿಸಿ. ಬ್ರಿಡ್ಜ್‌ವಾಟರ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಒಂದು ಭಾನುವಾರ ನಿಂತರೆ 500 ಸಹಿ ಸಿಗುತ್ತದೆ, ಅನುಮಾನವಿಲ್ಲ. ಆದರೆ ಸಹಿ ಹಾಕಿದವರಲ್ಲಿ ನಾಳೆ ಯಾರೋ ಒಬ್ಬರ ಬಾಡಿಗೆ ಜಗಳವೋ, ಮಗನ ಕೇಸೋ ಅಕ್ಕನ ಮುಂದೆಯೇ ಬರಬಹುದು. ಜಡ್ಜ್ ಆಗುವವರಿಗೆ ಒಂದು ಸಮುದಾಯದ ಅಭ್ಯರ್ಥಿ ಅನ್ನುವ ಪಟ್ಟ ಭಾರವೇ ಹೊರತು ಬಲ ಅಲ್ಲ. ಸೆನೆಟರ್ ಕಣ್ಣಿಗೂ ಅದು ಬೆದರಿಕೆ ಥರ ಕಾಣುತ್ತದೆ. ಬೇಡ. ಪತ್ರ ಬರೆಯಲೇಬೇಕೆಂದರೆ ಅಕ್ಕನ ಜೊತೆ, ಅವರ ಎದುರು ಕೇಸ್ ನಡೆಸಿದ ವಕೀಲರು ತಮ್ಮಷ್ಟಕ್ಕೆ ತಾವು ಬರೆಯಲಿ. ಅಂಥ ಎರಡು ಪತ್ರ 500 ಸಹಿಗಿಂತ ತೂಕ. ಅಂದಹಾಗೆ, ಕೂಟದ ದಸರಾ ಕಾರ್ಯಕ್ರಮಕ್ಕೋ ದೇವಸ್ಥಾನಕ್ಕೋ ಅಕ್ಕ ಚಂದಾ ಎತ್ತುತ್ತಿದ್ದರೆ ಅದನ್ನು ಬೇರೆಯವರಿಗೆ ವಹಿಸುವುದು ಒಳ್ಳೆಯದು. ಜಡ್ಜ್ ಆದ ಮೇಲೆ ಹಣ ಸಂಗ್ರಹಕ್ಕೆ ಕೈ ಹಾಕುವ ಹಾಗಿಲ್ಲ. ಮನೆಯವರು ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಸೆನೆಟರ್‌ಗಳ ಬಗ್ಗೆ ಬರೆಯುವುದನ್ನೂ ನಿಲ್ಲಿಸಿ. ಗುಂಪಿನಲ್ಲಿರುವ 200 ಜನರಲ್ಲಿ ಒಬ್ಬರಾದರೂ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಕಳಿಸಿದ್ದನ್ನು ನಾನು ನೋಡಿದ್ದೇನೆ.

ಹಾಗಾದರೆ ಸುಮ್ನೆ ಕೂರಬೇಕಾ? ಪೂರ್ತಿ ಸುಮ್ಮನಲ್ಲ. ಅಕ್ಕ ಗವರ್ನರ್ ಆಫೀಸಿನಲ್ಲಿ ನೇಮಕಾತಿ ನೋಡಿಕೊಳ್ಳುವ ವಕೀಲರನ್ನು ನೇರವಾಗಿ ಎರಡು ಪ್ರಶ್ನೆ ಕೇಳಬಹುದು. ಕೌಂಟಿಯ ಎಲ್ಲ ಸೆನೆಟರ್‌ಗಳು ಸೈನ್ ಆಫ್ ಮಾಡಿದ್ದಾರಾ, ಅಂದರೆ ಒಪ್ಪಿಗೆ ಕೊಟ್ಟಿದ್ದಾರಾ? ಮಾಡಿಲ್ಲದಿದ್ದರೆ ನಾನು ಅವರನ್ನು ಭೇಟಿಯಾಗಿ ಮಾತಾಡಲಾ, ನೀವು ನೋಡಿಕೊಳ್ಳುತ್ತೀರಾ? ಮರ್ಯಾದೆಯಾಗಿ ಕೇಳಿದರೆ ಉತ್ತರ ಕೊಡುತ್ತಾರೆ. ಹೆಸರು ಹೇಳದಿದ್ದರೂ "ಒಬ್ಬರು ಬಾಕಿ ಇದ್ದಾರೆ" ಅನ್ನುವಷ್ಟು ಹೇಳುತ್ತಾರೆ. ಅಭ್ಯರ್ಥಿ ತನ್ನ ಕೌಂಟಿಯ ಸೆನೆಟರ್‌ರನ್ನು ಭೇಟಿಯಾಗುವುದು ಇಲ್ಲಿ ಮಾಮೂಲು, ತಪ್ಪಲ್ಲ. ಆದರೆ ಅದು ಗವರ್ನರ್ ಆಫೀಸಿಗೆ ಗೊತ್ತಿದ್ದೇ ಆಗಬೇಕು. ಅವರು ಒಂದು ಕಡೆ ಮಾತುಕತೆ ನಡೆಸುತ್ತಿರುವಾಗ ಅಕ್ಕ ಇನ್ನೊಂದು ಕಡೆಯಿಂದ ಹೋಗಿ ಬಾಗಿಲು ತಟ್ಟಿದರೆ ಎರಡೂ ಕೆಡುತ್ತದೆ. ಭೇಟಿಯಾದರೆ ಅಲ್ಲಿ ಯಾವ ಮಾತೂ ಕೊಡಬಾರದು. ಇಂಥ ಕೇಸ್ ಬಂದರೆ ಹೇಗೆ ತೀರ್ಪು ಕೊಡುತ್ತೀರಿ ಅಂತ ಕೇಳಿದರೆ, ಕೇಸ್ ಬಂದಾಗ ಓದಿ ಹೇಳುತ್ತೇನೆ ಅನ್ನುವುದೊಂದೇ ಉತ್ತರ.

ಕ್ಯಾಲೆಂಡರ್ ಕೂಡ ನೋಡಿ. ಜೂನ್ 30ರೊಳಗೆ ಬಜೆಟ್ ಪಾಸಾಗಬೇಕು, ಆ ವಾರಗಳಲ್ಲಿ ರಾಜಿಗಳೆಲ್ಲ ಆಗಿ ಜಡ್ಜ್ ಹೆಸರುಗಳೂ ಗುಂಪಾಗಿ ಪಾಸಾಗುತ್ತವೆ. ಜುಲೈ, ಆಗಸ್ಟ್ ಹೆಚ್ಚು ಕಡಿಮೆ ಖಾಲಿ. ಆಮೇಲೆ ಚುನಾವಣೆ. ನವೆಂಬರ್ ಚುನಾವಣೆ ಮುಗಿದು ಜನವರಿವರೆಗೆ ಮತ್ತೆ ಭರಾಟೆ. ಅಂದರೆ ನೀವು ಕಾದ ಆರು ತಿಂಗಳಲ್ಲಿ ಅರ್ಧಕ್ಕರ್ಧ ಯಾರಿಗೂ ಏನೂ ಆಗದ ಕಾಲ. ಮುಂದಿನ ಜನವರಿ ಸರಿಸಂಖ್ಯೆಯ ವರ್ಷದ್ದಾದರೆ ಒಂದು ಎಚ್ಚರ. ಎರಡು ವರ್ಷದ ಅಧಿವೇಶನ ಆಗ ಮುಗಿಯುತ್ತದೆ, ಪಾಸಾಗದ ಹೆಸರುಗಳು ಬಿದ್ದುಹೋಗುತ್ತವೆ. ವೈನರ್ ಆಪ್ಟರ್ ಅವರಿಗೆ ಆದ ಹಾಗೆ ಗವರ್ನರ್ ಹೊಸದಾಗಿ ಕಳಿಸಬೇಕು. ಕಳಿಸುತ್ತಾರಾ ಅಂತ ಅಕ್ಕ ಡಿಸೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಲಿ.

ಇದಕ್ಕಿಂತ ತುರ್ತಾದ್ದು ಅಕ್ಕನ ಆಫೀಸ್. ಏಪ್ರಿಲ್‌ನಿಂದ ಹೊಸ ಕೇಸ್ ನಿಲ್ಲಿಸಿದ್ದು ದುಡುಕು. ಬಹಳ ಜನ ಈ ತಪ್ಪು ಮಾಡುತ್ತಾರೆ. ಪ್ರಮಾಣ ವಚನ ತಗೊಳ್ಳುವವರೆಗೆ ಅವರು ವಕೀಲರೇ, ದುಡಿಯುವ ಹಕ್ಕಿದೆ. ಎರಡು ವರ್ಷ ಎಳೆಯುವ ಕೇಸ್ ಬೇಡ. ಎರಡು ಮೂರು ತಿಂಗಳಲ್ಲಿ ಮುಗಿಯುವ ಕೆಲಸ ತಗೊಳ್ಳಲಿ: ಮನೆ ಕೊಳ್ಳುವವರ ಕ್ಲೋಸಿಂಗ್ (ಖರೀದಿ ಪೂರ್ತಿ ಮಾಡುವ ಕಾಗದಪತ್ರ), ವಿಲ್, ಕರಾರು ಪತ್ರ ನೋಡುವುದು. ಹೊಸ ಕಕ್ಷಿದಾರರಿಗೆ ಮೊದಲೇ ಹೇಳಲಿ, ನಾನು ಮಧ್ಯದಲ್ಲಿ ಹೋಗಬೇಕಾಗಬಹುದು, ಆಗ ನಿಮ್ಮ ಫೈಲ್ ನೋಡಿಕೊಳ್ಳುವವರು ಇಂಥವರು ಅಂತ. ಆ "ಇಂಥವರು" ಯಾರು ಅಂತ ಈಗಲೇ ಗೊತ್ತುಮಾಡಿ ಕಾಗದದ ಮೇಲೆ ಬರೆದಿಡಲಿ. ಕಕ್ಷಿದಾರರ ದುಡ್ಡಿರುವ ಟ್ರಸ್ಟ್ ಅಕೌಂಟ್ ಲೆಕ್ಕ ಪ್ರತಿ ತಿಂಗಳೂ ಕನ್ನಡಿ ಥರ ಇರಲಿ. ಬಾಡಿಗೆ ಕರಾರನ್ನು ತಿಂಗಳ ಲೆಕ್ಕಕ್ಕೆ ಬದಲಾಯಿಸಲು ಮಾಲೀಕರನ್ನು ಕೇಳಿ ನೋಡಿ. ಕೇಳಿದರೆ ಕಳೆದುಕೊಳ್ಳುವುದೇನು?

ಹೆಸರು ವಾಪಸ್ ತಗೊಳ್ಳುವ ದಾರಿ ಯಾವತ್ತೂ ತೆರೆದೇ ಇರುತ್ತದೆ, ಅದಕ್ಕೇ ಅವಸರ ಬೇಡ. ಅದು ಅವಮಾನವೇನಲ್ಲ, ಜನ ಆರು ತಿಂಗಳಲ್ಲಿ ಮರೆಯುತ್ತಾರೆ. ಆದರೆ ಒಮ್ಮೆ ತೆಗೆದುಕೊಂಡರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಈ ಗವರ್ನರ್ ಮತ್ತೆ ಹೆಸರಿಸುತ್ತಾರೆ ಅನ್ನುವ ಖಾತ್ರಿ ಇಲ್ಲ. ನನ್ನನ್ನು ಕೇಳಿದರೆ ವಾಪಸ್ ತಗೊಳ್ಳುವುದಕ್ಕೆ ಎರಡೇ ಕಾರಣ. ಮನೆ ನಡೆಸುವುದು ನಿಜವಾಗಿ ಕಷ್ಟವಾದರೆ. ಅಥವಾ ಹಿಯರಿಂಗ್‌ನಲ್ಲಿ ಹೇಳಲಾಗದ ಏನೋ ಇದೆ ಅಂತ ಅಕ್ಕನಿಗೇ ಗೊತ್ತಿದ್ದರೆ. ಬರೀ ಬೇಜಾರಿಗೆ ಬೇಡ.

ಬೇರೆ ರಾಜ್ಯದ ಕಥೆ ಕೇಳಿ ಹೆದರಬೇಡಿ ಅಂತಲೂ ಹೇಳಬೇಕು. 2023ರಲ್ಲಿ ಪಕ್ಕದ ನ್ಯೂಯಾರ್ಕ್‌ನ ಸೆನೆಟ್ ಚೀಫ್ ಜಡ್ಜ್ ಹುದ್ದೆಗೆ ಬಂದಿದ್ದ ಹೆಕ್ಟರ್ ಲಸಾಲ್ ಅವರನ್ನು 39-20ರಲ್ಲಿ ಸೋಲಿಸಿತು. 2018ರಲ್ಲಿ ಕನೆಕ್ಟಿಕಟ್‌ನಲ್ಲಿ ಆಂಡ್ರೂ ಮೆಕ್‌ಡೊನಾಲ್ಡ್ 19-16ರಲ್ಲಿ ಸೋತರು. ಎರಡೂ ರಾಜ್ಯದ ಅತಿ ದೊಡ್ಡ ಕುರ್ಚಿಗಳು, ಇಡೀ ಕೋರ್ಟ್‌ನ ದಿಕ್ಕಿನ ಬಗ್ಗೆ ಜಗಳ. ಟ್ರಯಲ್ ಜಡ್ಜ್ ಹುದ್ದೆಗೆ ಅಂಥ ಯುದ್ಧ ಯಾರೂ ಮಾಡುವುದಿಲ್ಲ. ಕಮಿಟಿವರೆಗೆ ಹೋದರೆ ಅಕ್ಕ ಪಾಸಾಗುವ ಸಂಭವವೇ ಬಹಳ ಜಾಸ್ತಿ.

ಆ ದಿನ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಟ್ರೆಂಟನ್‌ನ ಸ್ಟೇಟ್ ಹೌಸ್ ಪಕ್ಕದ ಅನೆಕ್ಸ್ ಕಟ್ಟಡ. ಒಂದೇ ದಿನ ಹಲವಾರು ಅಭ್ಯರ್ಥಿಗಳು, ಕಾರಿಡಾರ್ ತುಂಬ ಕೋಟು ಹಾಕಿದ ಮಕ್ಕಳು, ಅಜ್ಜಿಯರು. ಸರದಿ ಬಂದಾಗ ಕೌಂಟಿಯ ಸೆನೆಟರ್ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ. ತಡೆದಿದ್ದವರೇ ಬಂದು ಹೊಗಳಿದ್ದನ್ನೂ ಕಂಡಿದ್ದೇನೆ, ನಗು ತಡೆದುಕೊಳ್ಳುವುದು ಕಷ್ಟ. ಮನೆಯವರು ಬಂದಿದ್ದಾರಾ ಅಂತ ಕೇಳಿದಾಗ ನೀವೆಲ್ಲ ಎದ್ದು ನಿಲ್ಲಬೇಕು. ಒಂದೆರಡು ಪ್ರಶ್ನೆ, ಓಟು, ಮುಗಿಯಿತು. ಆಮೇಲೆ ಇಡೀ ಸೆನೆಟ್‌ನ ಓಟು ಬೇರೆ ಇರುತ್ತದೆ, ಆದರೆ ಅಷ್ಟು ಹೊತ್ತಿಗೆ ಕಷ್ಟದ್ದು ಕಳೆದಿರುತ್ತದೆ. ಹೊಸ ಜಡ್ಜ್‌ಗಳನ್ನು ಸಾಮಾನ್ಯವಾಗಿ ಮೊದಲು ಫ್ಯಾಮಿಲಿ ಕೋರ್ಟ್‌ಗೆ ಹಾಕುತ್ತಾರೆ. ಮೊಸರು ಡಬ್ಬಿಯ ಸ್ಟಿಕ್ಕರ್‌ಗಳು ಅಕ್ಕನಿಗೆ ಅಲ್ಲಿ ಕಾದಿರುತ್ತವೆ.

ಅಮ್ಮನಿಗೆ ಟಿಕೆಟ್ ಈಗಲೇ ಬುಕ್ ಮಾಡಬೇಡಿ. ಹಿಯರಿಂಗ್ ದಿನಾಂಕ ಗೊತ್ತಾದರೆ ಕೈಯಲ್ಲಿ ಕೆಲವೇ ದಿನ ಉಳಿದಿರುತ್ತವೆ. ದೊಡ್ಡ ಪ್ರಮಾಣ ವಚನ ಸಮಾರಂಭವನ್ನು ಸ್ವಲ್ಪ ತಡವಾಗಿ, ಎಲ್ಲರೂ ಬರುವ ಹಾಗೆ ಇಟ್ಟುಕೊಳ್ಳಬಹುದು, ಅದಕ್ಕೆ ಕರೆಸಿ. ಹಿಯರಿಂಗ್ ಅನ್ನು ಲೆಜಿಸ್ಲೇಚರ್ ವೆಬ್‌ಸೈಟ್‌ನಲ್ಲಿ ನೇರವಾಗಿ ಹಾಕುತ್ತಾರೆ. ಚಳಿಗಾಲದಲ್ಲಿ ಟ್ರೆಂಟನ್‌ನಲ್ಲಿ ಬೆಳಿಗ್ಗೆ ಹತ್ತಾದರೆ ಮೈಸೂರಲ್ಲಿ ರಾತ್ರಿ ಎಂಟೂವರೆ. ಅಮ್ಮನಿಗೆ ಲಿಂಕ್ ಕಳಿಸಿ, ಊಟ ಬೇಗ ಮುಗಿಸಿ ಕೂರಲಿ.